ಸುಳಿಯ ನೀರು

ಹಲಸೂರು ಕೆರೆಯ ಮಂಜು ಮಹಡಿಗಳನ್ನು ಮುಟ್ಟುವ ಹೊತ್ತಿಗೆ ಸರೋಜಮ್ಮ ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆದು ಗಿಡಗಳ ಸುಳಿಯೊಳಗೆ ಇಳಿಬಿಡುತ್ತಿದ್ದರು. ಅಲ್ಲಿ ನಿಂತ ಇಬ್ಬನಿಯನ್ನು ಬಟ್ಟೆ ಹೀರಿಕೊಳ್ಳುವವರೆಗೂ ಅವರು ಉಸಿರು ಬಿಡುತ್ತಿದ್ದರೋ ಇಲ್ಲವೋ, ಎದುರುಮನೆಯ ಮಹಡಿಯಿಂದ ನೋಡುತ್ತಿದ್ದ ನನಗೆ ತಿಳಿಯುತ್ತಿರಲಿಲ್ಲ.

ಅವು ಸ್ಲಿಪ್ಪರ್ ಆರ್ಕಿಡ್‌ಗಳು. ಹೂವಿನ ಒಂದು ದಳ ಎಳೆಗೂಸಿನ ಪಾದರಕ್ಷೆಯಂತೆ ಉಬ್ಬಿರುತ್ತದೆ. ಸರೋಜಮ್ಮನವರಿಗೆ ಅದು ಬರೀ ‘ಚಪ್ಪಲಿ ಹೂ’. ಕುಂಡವನ್ನು ಕೈಯಲ್ಲೆತ್ತಿ, ಹಗುರವೆನಿಸಿದರೆ ಮಾತ್ರ ನೀರು. ಹಸಿರು ನೆರಳುಬಟ್ಟೆಯ ಕೆಳಗಿದ್ದ ಹನ್ನೆರಡರಲ್ಲಿ ಒಂದು ತೀರ ಅಪರೂಪದ್ದು. ಎಂಟು ವರ್ಷ ಸಾಕಿದರೂ ಹೂ ಬಿಟ್ಟಿರಲಿಲ್ಲ.

“ಚಪ್ಪಲಿ ಹೊಲಿಸ್ಕೊಳ್ತಾ ಇದೆ ರೀ, ತಡ ಆಗತ್ತೆ,” ಎನ್ನುತ್ತಿದ್ದರು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಉಳಿದದ್ದನ್ನು ನನ್ನ ಅಂಗಡಿಗೆ ಬೈಂಡಿಂಗಿಗೆ ಬಂದ ಪುಸ್ತಕಗಳಿಂದ ಕಲಿತೆ. ಯಾರೋ ಹೇಳಿದರೆಂದು ಯಾವುದನ್ನೂ ಒಪ್ಪಿದವನಲ್ಲ. ಅದಕ್ಕೇ ಅವರು ನನ್ನನ್ನು ‘ಮೇಷ್ಟ್ರೇ’ ಎಂದು ಕೆಣಕುತ್ತಿದ್ದುದು. ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರುವಾಗ ಗಿಡಗಳನ್ನು ನನಗೊಪ್ಪಿಸಿ, “ಸುಳೀಲಿ ನೀರು ನಿಲ್ಲಬಾರ್ದು, ಮರೀಬೇಡಿ,” ಎಂದರು. ಕಾಡಿನಲ್ಲಿ ಮಳೆ ತಲೆಯ ಮೇಲೆಯೇ ಸುರಿಯುತ್ತದೆ, ಅಲ್ಲಿ ಒರೆಸುವವರು ಯಾರು ಎಂದುಕೊಂಡು ನಾನು ಪೈಪು ಹಿಡಿದು ಧಾರಾಳವಾಗಿ ತೋಯಿಸಿದೆ. ಅವರು ಮರಳುವಷ್ಟರಲ್ಲಿ ಆ ಅಪರೂಪದ ಗಿಡದ ಮೂರು ಸುಳಿಗಳಲ್ಲಿ ಎರಡು ಕೊಳೆತಿದ್ದವು.

ಅವರು ಗದರಲಿಲ್ಲ. “ಕಾಡಲ್ಲಿ ಅದು ಬಂಡೆ ಸಂದೀಲಿ ವಾಲ್ಕೊಂಡಿರತ್ತೆ ಮೇಷ್ಟ್ರೇ, ನೀರು ಜಾರ್ಹೋಗತ್ತೆ. ಇಲ್ಲಿ ನೆಟ್ಟಗೆ ಕೂರ್ಸಿದ್ದೀವಲ್ಲ, ಒರೆಸೋದೂ ನಮ್ದೇ ಕೆಲ್ಸ.”

ಮುಂದಿನ ಚಳಿಗಾಲದಲ್ಲಿ, ಕಾಯಿಲೆ ಮರುಕಳಿಸಿ ಅವರು ಮೆಟ್ಟಿಲು ಹತ್ತಲಾರದಂತಾದಾಗ, ಉಳಿದ ಒಂಟಿ ಸುಳಿಯಲ್ಲಿ ಮೊಗ್ಗು ಮೂಡಿತು. ಕುಂಡವನ್ನು ಅವರ ಮಂಚದ ಬಳಿಗೇ ಒಯ್ದೆ. ಅವರ ಬೆರಳು ಮೊಗ್ಗನ್ನು ಚಿವುಟಲು ಹೋಯಿತು.

“ಅರಳ್ಲಿ ಬಿಡಿ. ಒಂದ್ಸಲ ಕಣ್ತುಂಬ ನೋಡ್ಬಿಡಿ,” ಎಂದೆ. ಎರಡು ಸುಳಿಗಳನ್ನು ಕೊಂದವನ ಬೇಡಿಕೆ ಅದು.

“ಬಡಕಲು ಗಿಡ ಇದು. ಈಗ ಹೂ ಬಿಟ್ರೆ ಪೂರ್ತಿ ಸೊರಗ್ಹೋಗತ್ತೆ. ನಾನ್ ನೋಡದಿದ್ರೆ ಏನಂತೆ, ಅದು ಉಳೀಲಿ.” ಉಗುರಿನಿಂದ ಮೊಗ್ಗನ್ನು ಚಿವುಟಿ ನನ್ನ ಅಂಗೈಯಲ್ಲಿಟ್ಟರು. “ಕುಂಡ ನಿಮ್ಮನೇಲೇ ಇರ್ಲಿ. ಪೈಪು ಮಾತ್ರ ಮುಟ್ಬೇಡಿ, ಆಯ್ತಾ?”

ನಕ್ಕರು. ಮತ್ತೆ ಭೇಟಿಯಾಗಲಿಲ್ಲ.

ಒಡತಿ ಹೋದ ದುಃಖಕ್ಕೆ ಗಿಡ ಬಾಡುತ್ತದೆಂದು ಬೀದಿಯವರು ಹೇಳಿದರು. ನಾನು ನಂಬಲಿಲ್ಲ, ಗಿಡವೂ ನಂಬಲಿಲ್ಲ. ಎರಡು ವರ್ಷಗಳಲ್ಲಿ ಪಕ್ಕದಲ್ಲೇ ಎರಡು ಹೊಸ ಸುಳಿಗಳು ಒಡೆದವು. ದಿನವೂ ಟವೆಲ್ಲಿನ ತುದಿ ಹೊಸೆದು, ಉಸಿರು ಹಿಡಿದು, ಸುಳಿ ಒರೆಸುತ್ತೇನೆ. ಈ ವರ್ಷದ ಮೊಗ್ಗನ್ನು ಚಿವುಟಲಿಲ್ಲ. ಈ ಬೆಳಗ್ಗೆ ಅದು ಅರಳಿದೆ. ಜೇನುಬಣ್ಣದ ಪುಟ್ಟ ಪಾದರಕ್ಷೆ, ಒಂದೇ ಕಾಲಿನದು.

ಎದುರು ಮಹಡಿಯಲ್ಲಿ ಈಗ ನೆರಳುಬಟ್ಟೆಯಿಲ್ಲ, ಬರೀ ಮಂಜು. ಹೂವಿನ ಮುಖವನ್ನು ಅತ್ತ ತಿರುಗಿಸಲು ಕೈ ಹೋಯಿತು. ಅಂಥದ್ದನ್ನೆಲ್ಲ ನಂಬುವವನಲ್ಲ ನಾನು. ತಿರುಗಿಸಿದೆ.