ಭಟ್ಟಿಮನೆಯ ಗಿರಿಜಾಂಬಿಕಾ

ತಿಪಟೂರಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಾಲಿನ ವ್ಯಾನು ಬಂದು ಹೋಗಿದೆ, ಪೇಪರಿನವರು ಇನ್ನೂ ಬಂದಿಲ್ಲ. ಒಂದು ತಗಡಿನ ಬಾಗಿಲ ಸಂದಿಯಿಂದ ಮಾತ್ರ ಕೆಂಪಗೆ ಬೆಳಕು ರಸ್ತೆಗೆ ಬಿದ್ದಿದೆ. ಒಳಗೆ ಗಿರಿಜಾಂಬಿಕಾ ಇಟ್ಟಿಗೆಯಲ್ಲಿ ಕಟ್ಟಿದ ಬೇಕರಿ ಭಟ್ಟಿಯ ಬಾಯಿಗೆ ಮುಖ ಕೊಟ್ಟು ಕುಕ್ಕರಗಾಲಲ್ಲಿ ಕೂತು, ಉದ್ದನೆಯ ಕಬ್ಬಿಣದ ಕೋಲಿನಿಂದ ಕೆಂಡವನ್ನು ಒಂದು ಮೂಲೆಗೆ ಎಳೆಯುತ್ತಿದ್ದಾರೆ. ತೆಂಗಿನ ಕರಟದ ಕೆಂಡ. ಸೌದೆಗಿಂತ ಶಾಖ ಜಾಸ್ತಿ, ಸಿಟ್ಟೂ ಜಾಸ್ತಿ. ಒದ್ದೆ ಗೋಣಿಚೀಲದಿಂದ ಒಳನೆಲ ಒರೆಸಿ, ಒಂದು ಚಿಟಿಕೆ ಮೈದಾ ಎಸೆಯುತ್ತಾರೆ. ಅದು ಥಟ್ಟನೆ ಕಪ್ಪಾಗುತ್ತದೆ. ಶಾಖ ಇನ್ನೂ ಇಳಿಯಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಚಿಟಿಕೆ. ಈ ಸಲ ಮೈದಾ ನಿಧಾನವಾಗಿ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ.

ಕಾದ ಕೊಬ್ಬರಿ ಎಣ್ಣೆಯ ತಟ್ಟೆಗೆ ಅರೆಬೆಂದ ಆಲೂಗಡ್ಡೆ ಹೋಳುಗಳು ಬಿದ್ದಾಗ ಚುರ್ರೆನ್ನುವ ಸದ್ದಿಗೆ ಆ ಪುಟ್ಟ ಕೋಣೆ ತುಂಬಿಹೋಗುತ್ತದೆ. ಮನೆಯೊಳಕ್ಕೆ ತೆರೆಯುವ ಬಾಗಿಲ ಹತ್ತಿರ ಗಾಲಿಕುರ್ಚಿಯಲ್ಲಿ ಅವರ ಗಂಡ ಜ್ಞಾನೇಶ್ ಕಂಬಳಿ ಹೊದ್ದು ಕೂತಿದ್ದಾರೆ. "ಒಳಗಿಡ್ತಾ ಇದೀನಿ ಕಣ್ರೀ," ಎಂದು ಗಿರಿಜಾಂಬಿಕಾ ಅವರತ್ತ ತಿರುಗಿ ಹೇಳುತ್ತಾರೆ. ಜ್ಞಾನೇಶರ ಕಣ್ಣು ಎದುರಿನ ಗೋಡೆಯ ಮೇಲಿದೆ. ಗೋಡೆಯಲ್ಲಿ ಏನೂ ಇಲ್ಲ.

ಅಂಗಡಿಗೆ ಬರುವವರು ಇದನ್ನು 'ಚೀಸ್ ಆಲೂ' ಎನ್ನುತ್ತಾರೆ. ಕಚ್ಚಿದರೆ ಸದ್ದು ಬರುವಷ್ಟು ಗರಿಗರಿಯಾದ ಮೈ, ಒಳಗೆ ಹತ್ತಿಯಂಥ ತಿರುಳು. ಮೇಲೆ ಕರಗಿ ಅಂಚಿನಲ್ಲಿ ಕಂದಿದ ಚೀಸು, ಬೆಳ್ಳುಳ್ಳಿ, ಕುಟ್ಟಿದ ಕರಿಮೆಣಸು, ಸಣ್ಣಗೆ ಹೆಚ್ಚಿದ ಹಸಿರೆಲೆ. ದಿನಕ್ಕೆ ಹದಿನೈದು ಕೆಜಿ ಆಲೂಗಡ್ಡೆ ಖರ್ಚಾಗುತ್ತದೆ, ಕೊಬ್ಬರಿ ಹರಾಜಿನ ದಿನ ಇನ್ನೂ ಹೆಚ್ಚು. ಕಾಲೇಜಿನ ಹುಡುಗರು ಹೇಗೂ ಬರುತ್ತಾರೆ. ಮಾರುಕಟ್ಟೆಯಲ್ಲಿ ಕೊಬ್ಬರಿ ಮೂಟೆ ಹೊರುವ ಮಾರಯ್ಯನಂಥವರೂ ಈಗ ಎಲೆಯ ದೊನ್ನೆ ಹಿಡಿದು ಕಟ್ಟೆಯ ಮೇಲೆ ಕೂರುತ್ತಾರೆ. "ಮೊದ್ಲು ಆ ಚೀಸ್ ನೋಡಿ ಬಟ್ಟೆ ಸೋಪು ಅನ್ಕೊಂಡಿದ್ದೆ ಕಣ್ರೀ," ಎನ್ನುತ್ತಾನೆ ಮಾರಯ್ಯ. "ಈಗ ಬೋಂಡಾ ಬಾಯಿಗೆ ಹತ್ತಲ್ಲ. ಆದ್ರೆ ಆ ತಾಯಿ ನಗೋದ್ನ ಮಾತ್ರ ನಾನ್ ನೋಡಿಲ್ಲ."

ಗಿರಿಜಾಂಬಿಕಾ ಹುಟ್ಟಿದ್ದು ಹಂದನಕೆರೆಯಲ್ಲಿ, ಮದುವೆಯಾಗಿ ಹೋಗಿದ್ದು ದಬ್ಬೇಘಟ್ಟಕ್ಕೆ. ಜ್ಞಾನೇಶ್ ಆಗ ಊಟಿಯ ದೊಡ್ಡ ಹೋಟೆಲೊಂದರಲ್ಲಿ ಭಟ್ಟಿ ಕೆಲಸದವರು. ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಿದ್ದರು, ಬಂದಾಗ ನೆಂಟರಂತೆ ಇದ್ದು ಹೋಗುತ್ತಿದ್ದರು. ಅತ್ತೆ ಮಾವನ ಆರೈಕೆ, ಹಸು, ಮಗಳು ಸೌಮ್ಯಳ ಓದು ಎಲ್ಲವೂ ಗಿರಿಜಾಂಬಿಕಾ ಅವರ ತಲೆಯ ಮೇಲೆ. ಲಾಕ್‌ಡೌನಿನಲ್ಲಿ ಹೋಟೆಲು ಬಾಗಿಲು ಹಾಕಿತು. ಜ್ಞಾನೇಶ್ ಒಂದು ಟ್ರಂಕು ಹಿಡಿದು ಊರಿಗೆ ಬಂದರು. ಹಳ್ಳಿಯಲ್ಲಿ ಕೂರಲಾರದೆ ತಿಪಟೂರಿನಲ್ಲಿ ಬಾಡಿಗೆಗೆ ಜಾಗ ಹಿಡಿದು, ತಾವೇ ನಿಂತು ಭಟ್ಟಿ ಕಟ್ಟಿಸಿದರು. ಬನ್ನು, ಬ್ರೆಡ್ಡು, ಜೊತೆಗೆ ಊಟಿಯಲ್ಲಿ ವಿದೇಶದವರಿಗೆ ಮಾಡಿಕೊಡುತ್ತಿದ್ದ ಈ ಆಲೂಗಡ್ಡೆ.

ಮದುವೆಯಾಗಿ ಅಷ್ಟು ವರ್ಷಗಳಾದ ಮೇಲೆ ಗಂಡ ಹೆಂಡತಿ ಒಂದೇ ಸೂರಿನಡಿ ಇರತೊಡಗಿದ್ದು ಅದೇ ಮೊದಲು. ಆದರೆ ಭಟ್ಟಿಮನೆಗೆ ಹೆಂಡತಿಗೆ ಪ್ರವೇಶವಿರಲಿಲ್ಲ. ಗಿರಿಜಾಂಬಿಕಾ ಗಲ್ಲಾದ ಹತ್ತಿರ ಕೂತು ಪೊಟ್ಟಣ ಕಟ್ಟಿಕೊಡಬೇಕು, ಅಷ್ಟೇ. "ಒಳಗೆ ಕಾಲಿಟ್ರೆ ರೇಗೋರು," ಎಂದು ನೆನೆಯುತ್ತಾರೆ. "'ಇದು ನಿಂಗೆ ಗೊತ್ತಾಗೋದಲ್ಲ ಕಣೇ, ಹೋಗು ಆಚೆ' ಅನ್ನೋರು. ಬೆಳಗಿನ್ ಜಾವ ಎದ್ದು ಬಾಗ್ಲು ಹಾಕ್ಕೊಂಡ್ರೆ ಮುಗೀತು. ಕಾಫಿನೂ ಹೊಸ್ಲು ಮೇಲೆ ಇಟ್ಟು ಬರ್ತಿದ್ದೆ."

ಒಂದು ಶ್ರಾವಣದ ಬೆಳಿಗ್ಗೆ ಆ ಮುಚ್ಚಿದ ಬಾಗಿಲ ಹಿಂದೆ ತಟ್ಟೆ ಬಿದ್ದ ಸದ್ದಾಯಿತು. ಕರೆದರೂ ಓಗೊಡಲಿಲ್ಲ. ಗಲ್ಲಿಯವರನ್ನು ಕೂಗಿ ಬಾಗಿಲು ಒಡೆಸಿ ಒಳಗೆ ಹೋದಾಗ ಜ್ಞಾನೇಶ್ ನೆಲದ ಮೇಲಿದ್ದರು. ಬಲಗೈ ಕಾದ ತಟ್ಟೆಯ ಮೇಲೆಯೇ ಇತ್ತು. ಸುಡುತ್ತಿರುವುದು ಅವರಿಗೆ ತಿಳಿಯುತ್ತಿರಲಿಲ್ಲ. ಲಕ್ವ ಹೊಡೆದಿತ್ತು. ಹಾಸನದ ಆಸ್ಪತ್ರೆಯಿಂದ ವಾಪಸು ಬರುವಾಗ ಬಲಭಾಗ ಸತ್ತಿತ್ತು, ಮಾತು ಹೋಗಿತ್ತು. ಹೋಗದೆ ಉಳಿದಿದ್ದು ಒಂದೇ ಒಂದು ಶಬ್ದ: 'ಬುಡು'.

"ನೀರು ಬೇಕಂದ್ರೂ ಬುಡು, ನೋವು ಅಂದ್ರೂ ಬುಡು, ಸೌಮ್ಯ ಬಂದವ್ಳೆ ಅಂದ್ರೂ ಬುಡು. ಡಾಕ್ಟ್ರು ಹೇಳಿದ್ರು, ಕೆಲವರಿಗೆ ಹಂಗೆ ಒಂದು ಮಾತು ಉಳ್ಕೊಂಬಿಡುತ್ತಂತೆ," ಎನ್ನುತ್ತಾರೆ ಗಿರಿಜಾಂಬಿಕಾ.

ಅಂಗಡಿ ತಿಂಗಳುಗಟ್ಟಲೆ ಮುಚ್ಚಿತ್ತು. ಜ್ಞಾನೇಶರ ಅಣ್ಣ ಬಸವರಾಜಪ್ಪ ದಬ್ಬೇಘಟ್ಟದಿಂದ ಬಂದು ಬುದ್ಧಿ ಹೇಳಿದರು. "ನೋಡಮ್ಮಾ, ಹೆಂಗಸು ಬೆಂಕಿ ಮುಂದೆ ನಿಂತು ಮಾಡೋ ಕೆಲ್ಸ ಅಲ್ಲ ಇದು. ಭಟ್ಟಿ ಒಡೆಸಿ ಜಾಗ ಖಾಲಿ ಮಾಡು, ಊರಿಗೆ ಬಂದ್ಬುಡಿ." ಅವರ ಮಾತಿನಲ್ಲಿ ಕೇಡೇನೂ ಇರಲಿಲ್ಲ. ಗಿರಿಜಾಂಬಿಕಾ ಒಪ್ಪಿದರು. ಗಾರೆ ಕೆಲಸದ ಸಣ್ಣತಿಮ್ಮಯ್ಯ ಹಾರೆ ತಂದರು. ಮೊದಲ ಏಟು ಇಟ್ಟಿಗೆಗೆ ಬಿದ್ದದ್ದೇ ತಡ, ಒಳಗಿನ ಮಂಚದಿಂದ ಕೂಗು ಕೇಳಿಸಿತು. "ಬುಡು! ಬುಡು! ಬುಡು!"

ಗಿರಿಜಾಂಬಿಕಾ ಓಡಿಹೋಗಿ ನೋಡಿದರೆ ಗಂಡ ಮಂಚದಿಂದ ಅರ್ಧ ಕೆಳಗೆ ಜಾರಿದ್ದರು, ಬಾಯಿಂದ ಜೊಲ್ಲು, ಕಣ್ಣಿಂದ ನೀರು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಆ ಶಬ್ದಕ್ಕೆ ಅದರದೇ ಅರ್ಥವಿತ್ತು. ಅವರನ್ನು ಎತ್ತಿ ಕೂರಿಸಿ, ಭಟ್ಟಿಮನೆಗೆ ಬಂದು, ಸಣ್ಣತಿಮ್ಮಯ್ಯನವರ ಎದುರು ನಿಂತರು. "ನಾನು ಹಾರೆ ಕೆಳಗಿಟ್ಟೆ," ಎನ್ನುತ್ತಾರೆ ಸಣ್ಣತಿಮ್ಮಯ್ಯ. "ಆಯಮ್ಮ ಸುಮ್ಕೆ ಭಟ್ಟಿಗೆ ಬೆನ್ನು ಕೊಟ್ಟು ನಿಂತ್ಕೊಂಡ್ಳು. ಒಡೆದಿದ್ದ ಆ ಒಂದು ಇಟ್ಟಿಗೆ ನಾನೇ ಕೂರ್ಸಿ ಬಂದೆ."

ಭಟ್ಟಿಯೇನೋ ಉಳಿಯಿತು. ಅದರಲ್ಲಿ ಏನು ಮಾಡುವುದೆಂದು ಗೊತ್ತಿದ್ದವರಿಗೆ ಹೇಳಲು ಬಾಯಿಲ್ಲ. ಗಂಡನನ್ನು ಬಾಗಿಲ ಹತ್ತಿರ ಕೂರಿಸಿಕೊಂಡು ಗಿರಿಜಾಂಬಿಕಾ ಒಬ್ಬರೇ ಶುರುಮಾಡಿದರು. ಹಸಿ ಹೋಳು ಇಟ್ಟರು, ಹೊರಗೆ ಸೀದು ಒಳಗೆ ಬೇಯಲಿಲ್ಲ. ಪೂರ್ತಿ ಬೇಯಿಸಿ ಇಟ್ಟರು, ಮುದ್ದೆಯಾಯಿತು. ಚೀಸನ್ನು ಮೊದಲೇ ಉದುರಿಸಿದ್ದಕ್ಕೆ ಕರಕಲಾಗಿ ತಟ್ಟೆಗೆ ಅಂಟಿಕೊಂಡಿತು. ಪ್ರತಿಯೊಂದು ತಟ್ಟೆ ಹೊರಬಂದಾಗಲೂ ಕುರ್ಚಿಯಿಂದ ಅದೇ ಮಾತು, ಕೆಲವೊಮ್ಮೆ ಸಿಟ್ಟಿನಲ್ಲಿ, ಕೆಲವೊಮ್ಮೆ ಅಳುವಿನಲ್ಲಿ. ಒಂದು ದಿನ ಗಿರಿಜಾಂಬಿಕಾ ಅವರಿಗೂ ರೇಗಿತು. "ಬಾಯಿದ್ದಾಗ ಹೇಳ್ಲಿಲ್ಲ, ಈಗ ಬುಡು ಬುಡು ಅಂದ್ರೆ ನಾನೇನ್ ಮಾಡ್ಲಿ ಅಂತ ಕಿರುಚಿಬಿಟ್ಟೆ ಕಣ್ರೀ. ಯಾವತ್ತೂ ಅವ್ರ ಎದುರು ದನಿ ಎತ್ತಿದವ್ಳಲ್ಲ ನಾನು."

ಆಗ ಜ್ಞಾನೇಶ್ ಎಡಗೈ ಚಾಚಿ, ಪಕ್ಕದಲ್ಲಿದ್ದ ಮುಚ್ಚಳದ ಪಾತ್ರೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಅದರಲ್ಲಿ ಅರ್ಧ ಬೆಂದು ನೀರು ಬಸಿದ ಹೋಳುಗಳಿದ್ದವು. ಮುಚ್ಚಳವನ್ನು ಎದೆಗೆ ಒತ್ತಿ ಹಿಡಿದು, ಇಡೀ ಮೈಯಿಂದ ಪಾತ್ರೆಯನ್ನು ಕುಲುಕಿದರು. ಬಿಸಿ ತಾಗಿ ತೊಡೆ ಕೆಂಪಾದರೂ ಬಿಡಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಹೋಳುಗಳ ನುಣುಪು ಮೈ ತರಚಿ, ಒರಟಾಗಿ, ಹಿಟ್ಟು ಹಿಟ್ಟಾಗಿತ್ತು. ಆ ಒರಟು ಮೈಯೇ ಎಣ್ಣೆ ಹಿಡಿದು ಗರಿಗರಿಯಾಗುವುದು. ಅಂದಿನ ತಟ್ಟೆ ಹೊರಬಂದಾಗ ಇಬ್ಬರೂ ಅದನ್ನೇ ನೋಡುತ್ತ ಕೂತರಂತೆ.

ಆಮೇಲಿನದು ನಿಧಾನವಾಗಿ ಬಂತು. ದನಿ ಏರಿಸಿ 'ಬುಡು' ಎಂದರೆ ತಟ್ಟೆ ಇನ್ನೂ ಒಳಗಿರಲಿ ಎಂದರ್ಥ. ಗಂಟಲಲ್ಲೇ ಅಂದರೆ, ಸಾಕು ತೆಗೆ ಎಂದು. ಎರಡು ಸಲ ಬೇಗಬೇಗ ಅಂದರೆ ಹೋಳು ಮಗುಚು. ಚೀಸು ಕೊನೆಗೆ, ಎಲ್ಲ ಆದ ಮೇಲೆ, ಕರಗುವಷ್ಟು ಹೊತ್ತು ಮಾತ್ರ. ಊಟಿಯಿಂದ ತಂದಿದ್ದ ಒಣ ಎಲೆಯ ಪೊಟ್ಟಣಗಳು ಮುಗಿದಾಗ ಗಿರಿಜಾಂಬಿಕಾ ಹಿತ್ತಲಿನ ದೊಡ್ಡಪತ್ರೆ ಕಿತ್ತು, ಸಣ್ಣಗೆ ಹೆಚ್ಚಿ ಉದುರಿಸಿದರು. ಮಕ್ಕಳಿಗೆ ಕೆಮ್ಮು ಬಂದರೆ ರಸ ಹಿಂಡಿ ಕುಡಿಸುವ ಅದೇ ಎಲೆ. ಜ್ಞಾನೇಶ್ ಒಂದು ಹೋಳನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿದರು, ಮುಖ ಗಂಟಿಕ್ಕಿದರು, ಮತ್ತೆ ಮೂಸಿದರು. ಕೊನೆಗೆ ಮೆಲ್ಲಗೆ, "ಬುಡು," ಎಂದರು. ಇರಲಿ ಬಿಡು ಎಂಬಂತೆ. ಇವತ್ತಿಗೂ ಆ ತಟ್ಟೆಯಲ್ಲಿ ತನ್ನದು ಅಂತ ಇರುವುದು ಆ ಎಲೆಯೊಂದೇ ಎನ್ನುತ್ತಾರೆ ಗಿರಿಜಾಂಬಿಕಾ.

ಗಂಡನಿಗೆ ಅದನ್ನು ತಿನ್ನಿಸುವಂತಿರಲಿಲ್ಲ. ಗಟ್ಟಿಯಾದುದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಗರಿಗರಿ ಮೈಯನ್ನು ಸುಲಿದು, ತಿರುಳನ್ನು ಹಾಲಲ್ಲಿ ಕಲಸಿ ಒಂದು ದಿನ ಬಾಯಿಗಿಟ್ಟರು. ಜ್ಞಾನೇಶ್ ಮುಖ ತಿರುಗಿಸಿದರು. ಮತ್ತೆ ಅವರು ಒತ್ತಾಯಿಸಲಿಲ್ಲ. ಆದರೂ ಆ ಕಾಲವನ್ನು ಗಿರಿಜಾಂಬಿಕಾ ನೆನೆಯುವ ರೀತಿಯೇ ಬೇರೆ. ಚಾಕು ಕೆಳಗಿಟ್ಟು, ಕೈಯೊರೆಸಿಕೊಂಡು ಹೇಳುತ್ತಾರೆ: "ಮಾತಾಡಕ್ಕೆ ಬರ್ತಿದ್ದಾಗ ನನ್ ಜೊತೆ ಅವ್ರು ಮಾತೇ ಆಡ್ಲಿಲ್ಲ. ಮಾತು ಹೋದ್ ಮೇಲೆ ನಾವಿಬ್ರೂ ಮಾತಾಡಿದ್ದು. ಇಲ್ಲೇ, ಈ ಭಟ್ಟಿ ಮುಂದೆ. ನಗಾಡ್ತಿದ್ವಿ ಕೂಡ."

ಹೋದ ಚಳಿಗಾಲದಲ್ಲಿ ಲಕ್ವ ಎರಡನೇ ಸಲ ಹೊಡೆಯಿತು. ಈ ಸಲ ಆ ಒಂದು ಶಬ್ದವನ್ನೂ ಕೊಂಡುಹೋಯಿತು. ಈಗ ಜ್ಞಾನೇಶ್ ಉಸಿರಾಡುತ್ತಾರೆ, ಗಂಜಿ ನುಂಗುತ್ತಾರೆ, ಕೂರಿಸಿದರೆ ಕೂರುತ್ತಾರೆ. ಗುರುತು ಸಿಗುತ್ತದೋ ಇಲ್ಲವೋ ಡಾಕ್ಟರಿಗೂ ಹೇಳಲಾಗಿಲ್ಲ. ತುರುವೇಕೆರೆಗೆ ಮದುವೆಯಾಗಿ ಹೋಗಿರುವ ಸೌಮ್ಯ ಫೋನು ಮಾಡಿದಾಗಲೆಲ್ಲ ಕೇಳುವುದು ಒಂದೇ. "ಇನ್ನು ಯಾರಿಗೋಸ್ಕರ ಅಮ್ಮಾ? ಮುಚ್ಚಿ ನಮ್ಮನೆಗೆ ಬಾ. ಅಪ್ಪನ್ನೂ ಕರ್ಕೊಂಡ್ ಬಾ." ಆಯ್ತು ನೋಡೋಣ ಎಂದು ಗಿರಿಜಾಂಬಿಕಾ ಫೋನು ಇಡುತ್ತಾರೆ.

ಎರಡನೇ ಸಲ ಆಸ್ಪತ್ರೆಯಿಂದ ಬಂದ ಮೇಲೆ ಭಟ್ಟಿ ಹೊತ್ತಿಸಿದ ಮೊದಲ ಬೆಳಿಗ್ಗೆ ಅವರಿಗೆ ಕೈಯೇ ಆಡಲಿಲ್ಲವಂತೆ. ತಟ್ಟೆ ಒಳಗಿಟ್ಟು ಅಭ್ಯಾಸಬಲದಿಂದ ಕಿವಿಗೊಟ್ಟು ನಿಂತರು. ತೆಗೆಯಲೋ, ಇನ್ನೂ ಇರಲೋ? ಹಿಂದಿನಿಂದ ದನಿ ಬರಲಿಲ್ಲ. ತೆಂಗಿನ ಕರಟ ಚಟಚಟ ಸಿಡಿಯುವ ಸದ್ದು, ಅಷ್ಟೇ. ಒಂದು ಹೋಳನ್ನು ಇಕ್ಕಳದಲ್ಲಿ ತೆಗೆದು ತಾವೇ ಕಚ್ಚಿದರು. ನಾಲಿಗೆ ಸುಟ್ಟಿತು. ಅಷ್ಟು ದಿನ ಮಾಡಿ ಮಾರಿದರೂ ಬಿಸಿಬಿಸಿ ಹೋಳನ್ನು ತಾವೇ ರುಚಿ ನೋಡಿ ಆಯಿತು ಎಂದುಕೊಂಡದ್ದು ಅಂದೇ. "ಸರಿಯಾಗೇ ಬಂದಿತ್ತು," ಎನ್ನುತ್ತಾರೆ. "ಅದಕ್ಕೇ ಅಳು ಬಂತು. ಸರಿ ಬರ್ದೇ ಇದ್ದಿದ್ರೆ ಅವ್ರು ಬೈಬೇಕಿತ್ತಲ್ಲ, ಬೈಯೋರಿಲ್ವಲ್ಲ ಅಂತ ಅಳ್ಬೋದಿತ್ತು. ಇದು ಯಾವ ಅಳು ಅಂತ ನಂಗೇ ಗೊತ್ತಾಗ್ಲಿಲ್ಲ."

ಬೆಳಕು ಹರಿದಿದೆ. ಮೊದಲ ತಟ್ಟೆ ಹೊರಬಂದಿದೆ. ಗಿರಿಜಾಂಬಿಕಾ ಅದನ್ನು ಗಂಡನ ಮುಖದ ಹತ್ತಿರ ಒಯ್ದು ಒಂದು ಕ್ಷಣ ಹಿಡಿಯುತ್ತಾರೆ. ಹಬೆ ಜ್ಞಾನೇಶರ ಕನ್ನಡಕವನ್ನು ಮಸುಕು ಮಾಡುತ್ತದೆ. ಸೆರಗಿನಿಂದ ಅದನ್ನು ಒರೆಸಿ, ತಟ್ಟೆಯನ್ನು ಹೊರಗೆ ಒಯ್ಯುತ್ತಾರೆ. ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ರವಿಕಿರಣ್ ಆಗಲೇ ಬಂದು ನಿಂತಿದ್ದಾರೆ. "ಜ್ಞಾನೇಶಣ್ಣನ ಆಲೂ ಎರಡು ಕೊಡಿ ಅಕ್ಕ," ಎನ್ನುತ್ತಾರೆ. ಊರಿಗೆಲ್ಲ ಇನ್ನೂ ಅದು ಜ್ಞಾನೇಶಣ್ಣನ ಆಲೂನೇ. ಗಿರಿಜಾಂಬಿಕಾ ತಿದ್ದುವುದಿಲ್ಲ.

ಅಂಗಡಿಯ ಬೋರ್ಡು ಬಿಸಿಲಿಗೆ ಬಣ್ಣ ಕಳೆದುಕೊಂಡಿತ್ತು. ಹೋದ ವಾರ ಪೇಂಟರ್ ಭೀಮರಾಜು ಏಣಿ ಹಾಕಿ, ಜ್ಞಾನೇಶರ ಹೆಸರನ್ನು ಮತ್ತೆ ಬರೆದು ಮುಗಿಸಿದ ಮೇಲೆ, ಕೆಳಗೆ ಜಾಗ ಮಿಕ್ಕಿದೆ, ನಿಮ್ಮ ಹೆಸರೂ ಹಾಕಲಾ ಎಂದು ಕೇಳಿದ. ಗಿರಿಜಾಂಬಿಕಾ ತಿರುಗಿ ಒಳಗೆ ಹೋದರು. ಬೇಡವೆಂದುಕೊಂಡು ಆತ ಡಬ್ಬಿ ಮುಚ್ಚುತ್ತಿದ್ದ. ಅಷ್ಟರಲ್ಲಿ ಅವರು ವಾಪಸು ಬಂದರು.

"ಹಾಕು ಅಂದೆ," ಎಂದು ಅವರು ಹೇಳುವಾಗ ಕಣ್ಣು ಭಟ್ಟಿಯ ಕಡೆಗೇ ಇದೆ. "ಚಿಕ್ಕದಾಗಿ ಹಾಕು, ಆದ್ರೆ ಹಾಕು ಅಂದೆ. ಮಾಡ್ತಿರೋದು ನಾನೇ ಅಲ್ವಾ. ಒಳಗೆ ಹೋಗಿ ಅವ್ರಿಗೆ ಹೇಳಿ ಬಂದೆ. ಕೇಳಿಸ್ತೋ ಇಲ್ವೋ ನಂಗೆ ಗೊತ್ತಿಲ್ಲ. ಕೇಳ್ದೆ ಹಾಕಿಸ್ಕೊಂಡ್ಳು ಅನ್ಬಾರ್ದು ನೋಡಿ."