ಗಾಳಿಯಕ್ಕನ ಹನ್ನೆರಡು ಪೈಪುಗಳು

ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೇರವಾಗಿ ಬರಲೆಂದು ಹಾಳೆಯ ಕೆಳಗೆ ಗೆರೆ ಎಳೆದ ಇನ್ನೊಂದು ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಆದರೂ ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲಕ್ಕೇರುತ್ತದೆ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು, ನನ್ನ ಹತ್ತಿರ ಪದಗಳೂ ಕಡಿಮೆ. ತಪ್ಪಿದ್ದರೆ ಕ್ಷಮಿಸಬೇಕು. ನಾನು ಬರೆಯುತ್ತಿರುವುದು ನನ್ನ ದೊಡ್ಡಮ್ಮನ ಬಗ್ಗೆ. ಈಗ ಬಸ್ಸಿನಲ್ಲಿ ಹೋಗುವವರೆಲ್ಲ ಕಿಟಕಿಯಿಂದ ಒಂದು ಹೊಲ ನೋಡಿ ಅವಳ ಬಗ್ಗೆ ಒಂದು ಮಾತು ಆಡಿ ಮುಂದೆ ಹೋಗುತ್ತಾರೆ. ಆ ಮಾತಿಗೆ ಮೊದಲು ಅವಳ ಇಪ್ಪತ್ತೆರಡು ವರ್ಷಗಳ ಕೆಲಸವಿತ್ತು.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಂದಿನಿಂದ ದೊಡ್ಡಮ್ಮನ ಒಂದೂವರೆ ಕೋಣೆಯ ಮನೆಯೇ ನನ್ನ ಮನೆ. ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ನನ್ನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಒಂದು ದಿನ ಹೋಗುವುದಿಲ್ಲ ಎಂದೆ. ಅವಳು ಬೈಯಲಿಲ್ಲ. "ಮಾತಾಡೋಕೆ ಬರದೇ ಇರೋರಿಗೂ ಕೆಲಸ ಇರುತ್ತೆ, ಬಿಡು," ಎಂದಳು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಟ್ಟಳು. ಬೀಜದ ಚೀಲಗಳ ಬಾಯಿ ಹೊಲಿಯುವುದು ನನ್ನ ಕೆಲಸವಾಯಿತು.

ಅವಳ ಕೆಲಸ ಬಿತ್ತನೆ ಯಂತ್ರಗಳನ್ನು ಬಾಡಿಗೆಗೆ ಕೊಡುವ ಶೆಡ್ಡಿನಲ್ಲಿ. ಆ ಯಂತ್ರದ ಮೇಲೆ ಒಂದು ದೊಡ್ಡ ಟ್ಯಾಂಕು, ಅದರ ತುಂಬ ಬೀಜ. ಟ್ಯಾಂಕಿನ ಪಕ್ಕದಲ್ಲಿ ಒಂದು ಫ್ಯಾನು. ಟ್ರ್ಯಾಕ್ಟರ್ ಎಳೆದುಕೊಂಡು ಹೋಗುವಾಗ ಆ ಫ್ಯಾನು ಜೋರಾಗಿ ಗಾಳಿ ಊದುತ್ತದೆ. ಟ್ಯಾಂಕಿನಿಂದ ಅಳತೆಯ ಪ್ರಕಾರ ಉದುರುವ ಬೀಜವನ್ನು ಗಾಳಿ ಎತ್ತಿಕೊಂಡು ಹೋಗಿ ಹನ್ನೆರಡು ಪೈಪುಗಳಿಗೆ ಹಂಚುತ್ತದೆ. ಒಂದೊಂದು ಪೈಪು ಒಂದೊಂದು ಸಾಲಿನಲ್ಲಿ ಮಣ್ಣಿನೊಳಗೆ ಬೀಜ ಬಿಡುತ್ತದೆ. ಗಾಳಿ ಕಡಿಮೆಯಾದರೆ ಬೀಜ ಪೈಪಿನಲ್ಲೇ ಕೂತು ಕಟ್ಟಿಕೊಳ್ಳುತ್ತದೆ. ಹೆಚ್ಚಾದರೆ ಮಣ್ಣಿಗೆ ಬಡಿದು ಸಾಲಿನಿಂದ ಹೊರಗೆ ಚಿಮ್ಮುತ್ತದೆ. ಫ್ಯಾನಿನ ಬಾಯಿಗೆ ಒಂದು ತಗಡಿನ ಮುಚ್ಚಳವಿದೆ. ಅದನ್ನು ಬೆರಳಗಲ ಸರಿಸಿ ಗಾಳಿಯನ್ನು ಹದಕ್ಕೆ ತರುವವಳು ದೊಡ್ಡಮ್ಮ.

ಅವಳು ಅದನ್ನು ಕಿವಿಯಲ್ಲಿ ಮಾಡುತ್ತಿದ್ದಳು. ಯಂತ್ರದ ಹಿಂದಿನ ಹಲಗೆಯ ಮೇಲೆ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಬಗ್ಗಿ ಒಂದೊಂದೇ ಪೈಪಿಗೆ ಕಿವಿ ಹಚ್ಚುತ್ತಿದ್ದಳು. ಬೀಜ ಓಡುವ ಪೈಪಿನಲ್ಲಿ ತಗಡಿನ ಮೇಲೆ ಮರಳು ಎರಚಿದಂಥ ಸಣ್ಣ ಸದ್ದು. ಕಟ್ಟಿಕೊಂಡ ಪೈಪಿನಲ್ಲಿ ಬರೀ ಗಾಳಿ. ಎಷ್ಟು ಬೀಜ ಹೋಗುತ್ತಿದೆ, ಒಣಗಿದೆಯೋ ಇಲ್ಲವೋ ಎಂಬುದನ್ನೂ ಸದ್ದಿನಲ್ಲೇ ಹೇಳುತ್ತಿದ್ದಳು. ಅದಕ್ಕೇ ಎಲ್ಲರೂ ಅವಳನ್ನು ಗಾಳಿಯಕ್ಕ ಎನ್ನುತ್ತಿದ್ದರು. ಟ್ರ್ಯಾಕ್ಟರ್ ಓಡಿಸುವ ಉದ್ದಣ್ಣ ದಿನಾ ಅವಳನ್ನು ರೇಗಿಸುತ್ತಿದ್ದ.

"ಗಾಳಿಯಕ್ಕಾ, ಒಂದ್ಸಲ ನನ್ನ ತಲೆಗೂ ಕಿವಿ ಇಟ್ಟು ನೋಡಿ. ಮನೇಲಿ ಹೆಂಡ್ತಿ, ಒಳಗೇನೂ ಓಡ್ತಿಲ್ಲ ಅಂತಾಳೆ."

"ನೋಡೋದೇನು ಬಂತು, ಬರೀ ಗಾಳಿ. ನೀನು ಮುಂದೆ ನೋಡ್ಕೊಂಡು ಓಡ್ಸು."

ಆರು ವರ್ಷದ ಹಿಂದೆ ಶೆಡ್ಡಿನ ಯಜಮಾನರು ಪೈಪುಗಳಿಗೆ ಹಾಕಲು ಹನ್ನೆರಡು ಸಣ್ಣ ದೀಪಗಳನ್ನು ತಂದಿದ್ದರು. ಬೀಜ ನಿಂತರೆ ಕೆಂಪು ದೀಪ ಹತ್ತುತ್ತದೆ. ಆದರೆ ಧೂಳು ಕೂತರೂ ಹತ್ತುತ್ತಿತ್ತು. ಮೊದಲ ದಿನ ನಾಲ್ಕು ಸಲ ಸುಮ್ಮನೆ ಹತ್ತಿ ಟ್ರ್ಯಾಕ್ಟರ್ ನಿಂತಿತು. ದೊಡ್ಡಮ್ಮ ಎಲ್ಲರ ಎದುರಿಗೇ, "ಯಜಮಾನ್ರೇ, ಇದನ್ನ ಬಿಚ್ಚಿಸಿ. ಈ ದೀಪ ಬೇಕು ಅನ್ನೋ ದಿನ ನಾನೇ ಬಂದು ಕೇಳ್ತೀನಿ," ಎಂದಳು. ಎಲ್ಲರೂ ನಕ್ಕರು. ದೀಪಗಳು ಬೀರುವಿಗೆ ಹೋದವು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ಕಿಟಕಿಯ ಹತ್ತಿರ ಕೂತು ತಲೆ ಬಾಚುತ್ತಿದ್ದಳು. ಪಕ್ಕದಲ್ಲಿದ್ದ ಕೈಗಡಿಯಾರದ ಅಲಾರಂ ಸಣ್ಣ ದನಿಯಲ್ಲಿ ಕೂಗುತ್ತಲೇ ಇತ್ತು.

"ದೊಡ್ಡಮ್ಮ, ಗಡಿಯಾರ."

"ಏನದಕ್ಕೆ?"

"ಕೂಗ್ತಿದೆ."

ಅವಳು ಅದನ್ನೆತ್ತಿ ಒಂದು ಕಿವಿಗೆ ಹಿಡಿದಳು, ಆಮೇಲೆ ಇನ್ನೊಂದಕ್ಕೆ. "ಬ್ಯಾಟರಿ ಹೋಗಿರ್ಬೇಕು," ಎಂದಳು. ಗಡಿಯಾರ ಅವಳ ಕೈಯಲ್ಲಿ ಇನ್ನೂ ಕೂಗುತ್ತಿತ್ತು.

ಸಂಜೆ ಅವಳೇ ಹೇಳಿದಳು. ದಪ್ಪ ಸದ್ದು ಕೇಳುತ್ತದೆ, ಮಾತು ಕೇಳುತ್ತದೆ, ಸಣ್ಣ ಸದ್ದು ಮಾತ್ರ ಎಲ್ಲೋ ಹೋಗಿಬಿಟ್ಟಿದೆ. ಅಷ್ಟು ವರ್ಷ ಕಿವಿಯಿಂದ ಒಂದು ಮಾರು ದೂರದಲ್ಲಿ ಆ ಫ್ಯಾನು ಅರಚಿದೆ. ಈಗ ಪೈಪನ್ನು ಬೆರಳಲ್ಲಿ ಹಿಡಿದು ಅದರ ನಡುಕದಿಂದ ತಿಳಿದುಕೊಳ್ಳುತ್ತೇನೆ ಎಂದಳು. ಹಾಗಿದ್ದರೂ ಬಗ್ಗಿ ಕಿವಿ ಇಡುವುದನ್ನು ಬಿಟ್ಟಿರಲಿಲ್ಲ. ಉದ್ದಣ್ಣ ಟ್ರ್ಯಾಕ್ಟರಿನ ಕನ್ನಡಿಯಲ್ಲಿ ನೋಡುತ್ತಾನಲ್ಲ.

"ನಾನು ಬರ್ತೀನಿ ದೊಡ್ಡಮ್ಮ. ನಾನು ಕೇಳಿ ನಿಂಗೆ ಸನ್ನೆ ಮಾಡ್ತೀನಿ."

"ನನ್ನ ಕಿವಿ ತಿಂದಿದ್ದು ಸಾಲದು ಅಂತ ನಿನ್ನದೂ ಕೊಡ್ಲಾ ಅದಕ್ಕೆ? ಸುಮ್ನೆ ಚೀಲ ಹೊಲಿ."

ಎರಡು ಬಿತ್ತನೆ ಕಾಲ ಬೆರಳಿನಿಂದಲೇ ದಾಟಿದವು. ಒಣ ಬೀಜ, ಸಮನಾದ ನೆಲ, ಅದೃಷ್ಟ.

ಈ ಸಲ ನರ್ಸಮ್ಮ ಬಂದರು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಬಸ್ ರಸ್ತೆಯ ಪಕ್ಕದಲ್ಲಿ ನಾಲ್ಕು ಎಕರೆ ಗುತ್ತಿಗೆಗೆ ಹಿಡಿದು ಮೊದಲ ಸಲ ಸೂರ್ಯಕಾಂತಿ ಹಾಕಿಸುತ್ತಿದ್ದರು. "ನಂಗೆ ಬೇಸಾಯ ಗೊತ್ತಿಲ್ಲ. ಗಾಳಿಯಕ್ಕ ಇರೋ ಯಂತ್ರಾನೇ ಕಳಿಸಿ," ಎಂದು ಯಜಮಾನರಿಗೆ ಹೇಳಿದ್ದರಂತೆ. ದೊಡ್ಡಮ್ಮ ಮನೆಗೆ ಬಂದು ಅದನ್ನು ನನಗೆ ಎರಡು ಸಲ ಹೇಳಿದಳು.

ಸೋಮವಾರ ಬಿತ್ತನೆಯಾಯಿತು. ಹಿಂದಿನ ದಿನ ಜಡಿಮಳೆ. ಬೀಜಕ್ಕೆ ಹಚ್ಚಿದ್ದ ಕೆಂಪು ಔಷಧಿ ಇನ್ನೂ ಅಂಟಂಟಾಗಿತ್ತು. ಹೊಲದಲ್ಲಿ ಹೆಂಟೆಗಳು, ಯಂತ್ರವೆಲ್ಲ ಗಡಗಡ. ಹನ್ನೆರಡು ಪೈಪೂ ನಡುಗುತ್ತಿದ್ದವು, ಬೀಜ ಇದ್ದದ್ದೂ, ಇಲ್ಲದ್ದೂ. ಮುಚ್ಚಿದ ಪೈಪಿನ ಪಾಲನ್ನು ಗಾಳಿ ಉಳಿದ ಪೈಪುಗಳಿಗೆ ಹಂಚಿಬಿಡುತ್ತದೆ, ಆದ್ದರಿಂದ ಟ್ಯಾಂಕಿನಲ್ಲಿ ಬೀಜವೂ ಮಿಗಲಿಲ್ಲ. ಸಂಜೆ ಅವಳು ಕೆಂಪಾದ ಬೆರಳುಗಳನ್ನು ಉಜ್ಜುತ್ತಾ, "ಚೆನ್ನಾಗಾಯ್ತು," ಎಂದಳು.

ಮಂಗಳವಾರ ಅವಳು ಊಟದ ಹೊತ್ತಿಗೆ ಮನೆಗೆ ಬಂದಳು. ಅವಳು ಎಂದೂ ಹಾಗೆ ಬರುವವಳಲ್ಲ. ಬಾಗಿಲು ಮುಂದಕ್ಕೆ ಮಾಡಿ, ಗೋಡೆಗೆ ಒರಗಿ ಕೂತಳು.

"ಬೆಳಿಗ್ಗೆ ಖಾಲಿ ಪೈಪಿಗೆ ಜೋರಾಗಿ ಗಾಳಿ ಬಿಟ್ಟೆ. ಐದನೇ ಪೈಪಿಂದ ಬೀಜದ ಒಂದು ಮುದ್ದೆ ಬಿತ್ತು. ಒಂಬತ್ತನೇದರಿಂದ ಇನ್ನೊಂದು. ಇಷ್ಟಿಷ್ಟು ಗಾತ್ರ."

ಅವಳು ಹೆಬ್ಬೆರಳು ತೋರಿಸಿದಳು.

"ಯಾರಾದ್ರೂ ನೋಡಿದ್ರಾ?"

"ಇಲ್ಲ. ಕಾಲಲ್ಲಿ ಮಣ್ಣು ಮುಚ್ಚಿದೆ."

"ನರ್ಸಮ್ಮಂಗೆ ಹೇಳ್ಬೇಕಲ್ವಾ?"

"ಕೊನೇ ಸುತ್ತಲ್ಲಿ ಕಟ್ಟಿರ್ಬೋದು."

"ಮೊದಲನೇ ಸುತ್ತಲ್ಲೇ ಕಟ್ಟಿದ್ರೆ?"

"ಹೇಳಿದ್ರೆ, ನಿಂಗೆ ಹೇಗೆ ಗೊತ್ತಾಗ್ಲಿಲ್ಲ ಅಂತ ಕೇಳ್ತಾರೆ," ಎಂದಳು. "ಮೊಳಕೆ ಬರೋವರೆಗೂ ನೋಡೋಣ. ನೀನು ಬಾಯಿ ಬಿಡ್ಬೇಡ."

ಅಂದೇ ಹೇಳಿದ್ದರೆ ಖಾಲಿ ಸಾಲುಗಳಲ್ಲಿ ಇನ್ನೊಂದು ಸಲ ಬೀಜ ಬಿಡಬಹುದಿತ್ತು. ನೆಲದಲ್ಲಿ ತೇವವಿತ್ತು, ಎಲ್ಲ ಗಿಡಗಳೂ ಒಟ್ಟಿಗೆ ಮೇಲೆ ಬರುತ್ತಿದ್ದವು. ನನಗೆ ಅದು ಗೊತ್ತಿತ್ತು. ಬುಧವಾರ ನಾನು ಶೆಡ್ಡಿನ ಗೇಟಿನವರೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಒಳಗೊಳಗೇ ಉರು ಹೊಡೆದಿದ್ದೆ. ಯಜಮಾನರು ಅಲ್ಲೇ ನಿಂತಿದ್ದರು.

"ಏನಮ್ಮ?"

"ದೊಡ್ಡಮ್ಮ... ಛತ್ರಿ ಮರೆತು ಬಂದಿದ್ದಾಳೆ."

"ಎಲ್ಲಿ ಛತ್ರಿ?"

ನನ್ನ ಕೈಯಲ್ಲಿ ಛತ್ರಿ ಇರಲಿಲ್ಲ. "ತರ್ತೀನಿ," ಎಂದು ಹೇಳಿ ಮನೆಗೆ ಬಂದುಬಿಟ್ಟೆ.

ಆಮೇಲೆ ದಿನ ಎಣಿಸಿದೆವು. ದೊಡ್ಡಮ್ಮ ದಿನಾ ಬೆಳಿಗ್ಗೆ ಸುತ್ತು ಹಾಕಿಕೊಂಡು ಬಸ್ ರಸ್ತೆಯಲ್ಲೇ ಕೆಲಸಕ್ಕೆ ಹೋಗುತ್ತಿದ್ದಳು. ಎಂಟನೇ ದಿನ ಅಲ್ಲಲ್ಲಿ ಮಣ್ಣು ಬಿರಿಯಿತು. ಒಂಬತ್ತನೇ ದಿನ ಇಬ್ಬರೂ ಹೋಗಿ ರಸ್ತೆಯ ಅಂಚಿನಲ್ಲಿ ನಿಂತೆವು. ಸಾಲು ಸಾಲಾಗಿ ಎರಡೆರಡು ದಪ್ಪ ಎಲೆಗಳು ಎದ್ದಿದ್ದವು. ಈ ತುದಿಯಿಂದ ಆ ತುದಿಯವರೆಗೆ ಹಸಿರು, ನಡುನಡುವೆ ಬರೀ ಕಪ್ಪು ಮಣ್ಣಿನ ಪಟ್ಟಿ. ಒಂದೇ ತಲೆಗೆ ಹತ್ತಾರು ಬೈತಲೆ ತೆಗೆದ ಹಾಗೆ ಕಾಣುತ್ತಿತ್ತು. ರಸ್ತೆಗೆ ಹತ್ತಿರದ ಮೊದಲ ಸುತ್ತಿನಲ್ಲೇ ಆ ಪಟ್ಟಿಗಳು ಇದ್ದವು.

ದೊಡ್ಡಮ್ಮ ಬೆರಳು ಮಡಚುತ್ತಾ ಸಾಲು ಎಣಿಸಿದಳು. ಒಂಬತ್ತಕ್ಕೆ ಬಂದು ನಿಲ್ಲಿಸಿದಳು. ಒಂದು ಬಸ್ಸು ಹೋಯಿತು. ಯಾರೋ ಕಿಟಕಿಯಿಂದ ಕೈ ತೋರಿಸಿ ನಗುತ್ತಿದ್ದರು.

ಅದೇ ದಿನ ಯಜಮಾನರು ಹೇಳಿಕಳಿಸಿದರು. ನಾನೂ ಹೋದೆ. ಶೆಡ್ಡಿನಲ್ಲಿ ಯಂತ್ರದ ಪಕ್ಕದಲ್ಲಿ ಉದ್ದಣ್ಣ, ನರ್ಸಮ್ಮ ಇದ್ದರು. ದೊಡ್ಡಮ್ಮ ಯಂತ್ರದ ಕಡೆ ತಿರುಗಿ, ಪೈಪು ಮುಟ್ಟಿ ಮುಟ್ಟಿ, ಬೀಜ ಹಸಿಯಾಗಿತ್ತು, ಹೆಂಟೆ ಒಡೆದಿರಲಿಲ್ಲ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಯಜಮಾನರು ಅವಳ ಬೆನ್ನ ಹಿಂದೆ ಬಂದರು. ಒಂದು ಖಾಲಿ ತಗಡಿನ ಡಬ್ಬಿ ಎತ್ತಿಕೊಂಡರು. ಇನ್ನೊಂದು ಮುಷ್ಟಿಯಲ್ಲಿದ್ದ ಬೀಜವನ್ನು ನಿಧಾನವಾಗಿ ಅದಕ್ಕೆ ಸುರಿದರು.

ಆ ಸದ್ದು ಶೆಡ್ಡಿನ ಆ ಮೂಲೆಗೂ ಕೇಳಿಸುವಂತಿತ್ತು. ದೊಡ್ಡಮ್ಮ ತಿರುಗಲಿಲ್ಲ. ಮಾತು ಮುಂದುವರಿಸಿದಳು. ಮುಷ್ಟಿ ಖಾಲಿಯಾಗುವವರೆಗೂ ಅವರು ಸುರಿದರು. ಉದ್ದಣ್ಣ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ.

"ಯಾಕೆ ಎಲ್ಲರೂ ಸುಮ್ಮನಾಗ್ಬಿಟ್ರಿ?" ಎಂದು ತಿರುಗಿದವಳು ಡಬ್ಬಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಎಷ್ಟು ದಿನದಿಂದ ಅಕ್ಕಾ?" ಎಂದು ಯಜಮಾನರು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಎರಡು ವರ್ಷ."

ನರ್ಸಮ್ಮ ಒಂದೇ ಮಾತು ಕೇಳಿದರು. "ಪೈಪು ಕಟ್ಟಿತ್ತು ಅಂತ ನಿಮಗೆ ಇವತ್ತೇ ಗೊತ್ತಾಗಿದ್ದಾ?"

ಇವತ್ತೇ ಎಂದು ಹೇಳಬಹುದಿತ್ತು. ಮುದ್ದೆಗಳನ್ನು ಯಾರೂ ನೋಡಿರಲಿಲ್ಲ. ದೊಡ್ಡಮ್ಮ, "ಇಲ್ಲ. ಮಾರನೇ ದಿನಾನೇ ಗೊತ್ತಾಯ್ತು," ಎಂದಳು.

"ಅವತ್ತೇ ಹೇಳಿದ್ರೆ ನಾನು ಒಂದು ಮಾತೂ ಅಂತಿರ್ಲಿಲ್ಲ," ಎಂದು ನರ್ಸಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಗೇಟಿನ ಹತ್ತಿರ ನಿಂತು, "ಕಿವಿ ಮಾತ್ರ ತೋರಿಸ್ಕೊಳ್ಳಿ," ಎಂದರು.

ಕಿವಿ ತೋರಿಸಿಯೂ ಆಯಿತು. ಡಾಕ್ಟರು ಒಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಸ್ವಲ್ಪ ದೂರ ನೇರವಾಗಿ ಹೋದ ಗೆರೆ ಆಮೇಲೆ ಮೆಟ್ಟಿಲು ಇಳಿದ ಹಾಗೆ ಕೆಳಗೆ ಹೋಗಿತ್ತು. ಹೋದದ್ದು ಬರುವುದಿಲ್ಲ ಎಂದರು. ಕಿವಿಗೆ ಮಿಷನ್ ಹಾಕಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ, ಆದರೆ ಫ್ಯಾನಿನ ಹತ್ತಿರ ಅದರಿಂದ ಉಪಯೋಗವಿಲ್ಲ, ಗಾಳಿಯೇ ದೊಡ್ಡದಾಗಿ ಕೇಳುತ್ತದೆ ಎಂದರು. ದೊಡ್ಡಮ್ಮ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಬೀರುವಿನಿಂದ ದೀಪಗಳು ಹೊರಗೆ ಬಂದವು. ಉದ್ದಣ್ಣನೇ ಕೂತು ಒರೆಸಿ ಹಾಕಿದನಂತೆ. ಯಜಮಾನರು ದೊಡ್ಡಮ್ಮನಿಗೆ ಚೀಲ ಜೋಡಿಸುವ ಕೆಲಸ ಕೊಡುತ್ತೇನೆ ಎಂದಿದ್ದಾರೆ. ಅವಳು ಹೂಂ ಎಂದಿಲ್ಲ, ಇಲ್ಲ ಎಂದೂ ಹೇಳಿಲ್ಲ. ಮನೆಯಲ್ಲಿ ನಾನು ಮಾತಾಡಿಸಿದರೆ ಕೇಳದವಳ ಹಾಗೆ ಇರುತ್ತಾಳೆ. ನಿಜವಾಗಿ ಕೇಳಿಸಲಿಲ್ಲವೋ, ಬೇಡವೋ, ನನಗೆ ತಿಳಿಯುವುದಿಲ್ಲ. ಕೇಳಲು ಧೈರ್ಯವಿಲ್ಲ.

ನಿನ್ನೆಯಿಂದ ಅವಳು ನರ್ಸಮ್ಮನ ಹೊಲಕ್ಕೆ ಹೋಗುತ್ತಿದ್ದಾಳೆ. ಸೊಂಟಕ್ಕೆ ಬೀಜದ ಚೀಲ ಕಟ್ಟಿಕೊಂಡು, ಕೈಯಲ್ಲಿ ಒಂದು ಕಬ್ಬಿಣದ ಸರಳು ಹಿಡಿದು, ಖಾಲಿ ಸಾಲುಗಳಲ್ಲಿ ಗೇಣಿಗೊಂದು ಗುಳಿ ಮಾಡಿ ಒಂದೊಂದೇ ಬೀಜ ಹಾಕುತ್ತಾಳೆ. ನರ್ಸಮ್ಮ ಬೇಡ ಎಂದರಂತೆ, ಆಮೇಲೆ ಸುಮ್ಮನಾದರಂತೆ. ಸಂಜೆ ಅವಳಿಗೆ ಬೆನ್ನು ನೇರ ಮಾಡಲು ಆಗಲಿಲ್ಲ. ನಾನು ಬಿಸಿನೀರು ಕಾಯಿಸಿ ಕೊಟ್ಟೆ.

"ಇದು ಬೆಳೆಯುತ್ತಾ ದೊಡ್ಡಮ್ಮ?"

ಈ ಸಲ ಅವಳಿಗೆ ಕೇಳಿಸಿತು. "ಮೊಳಕೆ ಬರುತ್ತೆ. ಅಷ್ಟೊತ್ತಿಗೆ ಪಕ್ಕದ ಗಿಡ ಮೊಣಕಾಲುದ್ದ ಇರುತ್ತೆ. ನೆರಳಲ್ಲಿ ಸೊರಗಿ ಹೋಗುತ್ತೆ."

"ಮತ್ತೆ ಯಾಕೆ ಹಾಕ್ತೀಯ?"

"ಇನ್ನೇನು ಮಾಡ್ಲಿ, ಹೇಳು."

ಒಬ್ಬಳು ಒಂದು ದಿನಕ್ಕೆ ಎರಡು ಸಾಲು ಮುಗಿಸುತ್ತಾಳೆ. ಖಾಲಿ ಸಾಲುಗಳು ಇಪ್ಪತ್ತಕ್ಕಿಂತ ಹೆಚ್ಚಿವೆ.

ನಾಳೆ ಬೆಳಿಗ್ಗೆ ಆರು ಗಂಟೆಗೆ ನಾನು ಮೊದಲು ನರ್ಸಮ್ಮನ ಮನೆಗೆ ಹೋಗುತ್ತೇನೆ. ಬಿತ್ತಿದ ಮಾರನೇ ದಿನವೇ ನನಗೂ ಗೊತ್ತಿತ್ತು, ಗೇಟಿನವರೆಗೆ ಹೋಗಿ ಹೇಳದೆ ವಾಪಸ್ಸು ಬಂದೆ ಎಂದು ಹೇಳುತ್ತೇನೆ. ಬಾಯಿಂದ ಮಾತು ಬರದಿದ್ದರೆ ಇರಲಿ ಎಂದು ಅದನ್ನು ಒಂದು ಚೀಟಿಯಲ್ಲೂ ಬರೆದಿಟ್ಟುಕೊಂಡಿದ್ದೇನೆ. ಆಮೇಲೆ ಹೊಲಕ್ಕೆ ಹೋಗಿ ದೊಡ್ಡಮ್ಮನ ಪಕ್ಕದ ಖಾಲಿ ಸಾಲು ಹಿಡಿಯುತ್ತೇನೆ.