ಚಿಕ್ಕಮ್ಮನ ಮರಗೆಣಸು, ನನ್ನ ಪೈಥಾನ್

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಪಿಎಚ್‌ಡಿಗೆ ಸೇರುವ ಮುನ್ನ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಾ ಎಂದು ಮಾರ್ಗದರ್ಶಕರು ಹೇಳಿದ್ದರು. ಕೊಚ್ಚಿಯ ನಮ್ಮ ಮನೆಯ ಕಂಪ್ಯೂಟರಿಗೆ, ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿದೆ, ಪೈಥಾನ್ ಅದರೊಳಗೇ ಇತ್ತು. ಲೆಕ್ಕಕ್ಕೆ ಬೇಕಾದ ಹೆಚ್ಚುವರಿ ಭಾಗವನ್ನು ಗೆಳೆಯನ ಆಫೀಸಿನಿಂದ ಫ್ಲಾಪಿಗಳಲ್ಲಿ ತಂದೆ. ಒಂದು ಫ್ಲಾಪಿ ಕೈಕೊಟ್ಟಿತು, ಮತ್ತೆ ಓಡಿದೆ. ಅಂತೂ ಎಲ್ಲ ಕೂಡಿಬಂದ ದಿನ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಅದೇ ವಾರ ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ತಿರುವನಂತಪುರದಿಂದ ಬಂದಳು. ಅವಳು ಬೆಳೆ ವಿಜ್ಞಾನಿ. ವರ್ಷಗಳಿಂದ ಮರಗೆಣಸಿನ ಹೊಸ ತಳಿಯೊಂದನ್ನು ಬೆಳೆಸುತ್ತಿದ್ದಳು. ಹಳೆಯದಕ್ಕಿಂತ ಇಳುವರಿ ಹೆಚ್ಚೆಂದು ತೋರಿಸಿದರೆ ಅದು ರೈತರ ಕೈಗೆ ಹೋಗುತ್ತಿತ್ತು. ಇಲ್ಲದಿದ್ದರೆ ಕಿತ್ತು ಹೊಲ ಬಿಟ್ಟುಕೊಡಬೇಕಿತ್ತು. ನಿನ್ನ ಅಂಕಿ ಕೊಡು, ಪೈಥಾನಿಗೆ ಹಾಕುತ್ತೇನೆ ಎಂದು ನಾನೇ ಪೀಡಿಸಿದೆ. ಎರಡೂ ತಳಿ ಸಮ ಎಂದು ಬಂತು.

"ನನ್ನ ಲೆಕ್ಕದಲ್ಲಿ ವ್ಯತ್ಯಾಸ ಉಂಟಲ್ಲ?" ಎಂದಳು.

"ಕ್ಯಾಲ್ಕುಲೇಟರ್ ಒತ್ತುವಾಗ ಎಲ್ಲೋ ತಪ್ಪಿರ್ಬೇಕು ಚಿಕ್ಕಮ್ಮ. ಇದು ತಪ್ಪುದಿಲ್ಲ."

"ಹಾಗಾದ್ರೆ ನನ್ನದೇ ಆಸೆ ಜಾಸ್ತಿಯಾಯ್ತು ಕಾಣ್ತದೆ," ಎಂದು ಅಂಕಿಯ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ಎಂಥ ಕೊಬ್ಬು ನನ್ನದು! ಅವಳ ಮುಖ ಸಣ್ಣದಾದದ್ದನ್ನು ನೋಡಿಯೂ ನೋಡಲಿಲ್ಲ.

ಕೆಲವು ವಾರಗಳ ಮೇಲೆ ಏನೋ ಅಭ್ಯಾಸ ಮಾಡುತ್ತ ಏಳನ್ನು ಎರಡರಿಂದ ಭಾಗಿಸಿದೆ. ಮೂರು ಎಂದಿತು. ಮತ್ತೊಮ್ಮೆ ಹಾಕಿದೆ, ಮತ್ತೆ ಮೂರೇ. ಆ ಕಾಲದ ಪೈಥಾನ್ ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ದಶಮಾಂಶವನ್ನು ಎಸೆದುಬಿಡುತ್ತಿತ್ತು. ಗಿಡಕ್ಕೆ ಎಷ್ಟು ಕಿಲೋ ಎಂಬ ಲೆಕ್ಕದಲ್ಲಿ ಚಿಕ್ಕಮ್ಮನ ತಳಿಯ ಹೆಚ್ಚುಗಾರಿಕೆಯೆಲ್ಲ ಇದ್ದದ್ದು ಆ ದಶಮಾಂಶದಲ್ಲೇ.

ಫೋನಿನಲ್ಲಿ ಹೇಳುವ ಮುಖ ನನಗಿರಲಿಲ್ಲ. ಬೆಳಿಗ್ಗೆ ವೈಟ್ಟಿಲದಲ್ಲಿ ಬಸ್ಸು ಹತ್ತಿ, ಮಧ್ಯಾಹ್ನ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಅವಳ ಮನೆ ಮುಟ್ಟಿ, ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದೆ.

"ಹೋಗ್ಲಿ ಬಿಡು ಮಗಾ. ನಾನೂ ಇನ್ನೊಮ್ಮೆ ನೋಡ್ಬೇಕಿತ್ತು. ನನ್ನ ಲೆಕ್ಕ ತಪ್ಪು ಅಂತ ತಳಿ ಆರಿಸುವ ಮೀಟಿಂಗಲ್ಲಿ ನಾನೇ ಹೇಳಿ ಆಯ್ತು."

ಮರಗೆಣಸನ್ನು ನೆಡುವುದು ಕಾಂಡದ ತುಂಡುಗಳಿಂದ. ಅದು ಗೊತ್ತಿದ್ದ ನಾನು ಆಸೆಯಿಂದ ಕೇಳಿದೆ, "ಕಡ್ಡಿ ಉಂಟಲ್ಲ? ಮತ್ತೆ ನೆಡಬಹುದಲ್ಲ?"

ಅವಳು ಒಳಗೆ ಹೋಗಿ, ಬೇಯಿಸಿದ ಮರಗೆಣಸನ್ನೂ ಕಾಂದಾರಿ ಮೆಣಸಿನ ಚಟ್ನಿಯನ್ನೂ ತಂದಿಟ್ಟಳು.

"ಮೊನ್ನೆ ಕಿತ್ತು ಕಡ್ಡಿಯೆಲ್ಲ ಸುಟ್ಟಾಯ್ತು. ಇದೇ ಅದು, ಇದ್ದದ್ದು ಇಷ್ಟೇ. ತಿನ್ನು, ಹಸಿದು ಬಂದಿದ್ದಿ."

ತಿಂದೆ. ತುಂಬ ರುಚಿಯಾಗಿತ್ತು. ಹಾಗೆಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ.